ಬೋರಿವಲಿಯ ಬೆನ್ನಿಗೇ ಕಾನ್ಹೇರಿ

ಮುಂಬೈಯ ಬೋರಿವಲಿ ಸ್ಟೇಷನ್ನಿನಿಂದ ಆಟೋ ಹತ್ತಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದೂರವೇನಲ್ಲ. ಅಲ್ಲಿಂದ ಕಾನ್ಹೇರಿ ಗುಹೆಗಳಿಗೆ ಕಾಡಿನೊಳಗೆ ಆರೇಳು ಕಿಲೋಮೀಟರ್, ಬಸ್ಸಿದೆ. ಸೋದರಮಾವ ಮುಂಬೈಯಲ್ಲೇ ಕೆಲಸ ಮಾಡಿ ನಿವೃತ್ತರಾದವರು, ಆದರೂ ಕಾನ್ಹೇರಿ ನೋಡಿರಲಿಲ್ಲ.

ಜುಲೈ ತಿಂಗಳು. ಗುಡ್ಡಗಳ ನಡುವಿನ ಕೊರಕಲಿನಲ್ಲಿ ಹಳ್ಳ ಭೋರ್ಗರೆಯುತ್ತಿತ್ತು. ಆಚೀಚೆ ಬಂಡೆಗಳಲ್ಲಿ ನೂರಕ್ಕೂ ಜಾಸ್ತಿ ಗುಹೆಗಳು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಶುರುವಾದ ಬೌದ್ಧ ವಿಹಾರ ಇದು. ಸಾವಿರ ವರ್ಷದಷ್ಟು ಕಾಲ ಇಲ್ಲಿ ಭಿಕ್ಷುಗಳಿದ್ದರು.

ಎಲ್ಲರೂ ಮೊದಲು ನುಗ್ಗುವುದು 3ನೇ ಗುಹೆಯ ಚೈತ್ಯಕ್ಕೆ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರಕ್ಕೆ. ಮುಖಮಂಟಪದ ಎರಡೂ ಬದಿ ಭಾರೀ ಬುದ್ಧ ವಿಗ್ರಹಗಳು. ಚೆನ್ನಾಗಿದೆ, ಆದರೆ ಸೆಲ್ಫಿಯವರ ಜಾತ್ರೆ. ನನಗೆ ಹಿಡಿಸಿದ್ದು ಮೇಲಿನ ಸಣ್ಣ ಗುಹೆಗಳು. ಮುಂದೆ ಜಗಲಿ, ಒಳಗೆ ಮಲಗಲು ಕಲ್ಲಿನ ಕಟ್ಟೆ, ಪಕ್ಕದಲ್ಲೇ ನೀರಿನ ತೊಟ್ಟಿ. ಬಂಡೆಯ ಮೇಲೆ ಬಿದ್ದ ಮಳೆ ಕೆತ್ತಿದ ಸಣ್ಣ ಕಾಲುವೆಗಳಲ್ಲಿ ಇಳಿದು ತೊಟ್ಟಿಗೆ ಸೇರುತ್ತದೆ. ಒಂದರ ಬಾಯಿಗೆ ಕಣ್ಣೆದುರೇ ನೀರು ಗುಳುಗುಳು ಇಳಿಯುತ್ತಿತ್ತು. ಮಾವ ಬಗ್ಗಿ ನೋಡಿ, "ನಮ್ಮ ಸೊಸೈಟಿಗೆ ಟ್ಯಾಂಕರ್ ತರಿಸ್ತೀವಿ ಕಣೋ" ಅಂದರು.

11ನೇ ಗುಹೆಯನ್ನು ದರ್ಬಾರ್ ಹಾಲ್ ಅಂತಾರೆ. ನೆಲದಲ್ಲಿ ಎರಡು ಉದ್ದನೆಯ ತಗ್ಗು ಕಲ್ಲಿನ ಪೀಠ, ನಮ್ಮ ಮಠದ ಪಂಕ್ತಿಯ ಹಾಗೆ. ಕನ್ನಡದವರು ಕಾನ್ಹೇರಿಯಲ್ಲಿ ಸ್ವಲ್ಪ ನಿಧಾನಿಸಬೇಕು. ಇಲ್ಲಿನ ಕೆಲವು ಶಾಸನಗಳು ನಮ್ಮ ಅಮೋಘವರ್ಷ ನೃಪತುಂಗನ ಕಾಲದವು. ಆಗ ಕೊಂಕಣ ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಬಂಗಾಳದ ಕಡೆಯ ಗೌಡದೇಶದಿಂದ ಬಂದ ಅವಿಘ್ನಾಕರ ಎಂಬಾತ ನೂರು ದ್ರಮ್ಮ (ಆಗಿನ ನಾಣ್ಯ) ದಾನ ಕೊಟ್ಟಿದ್ದಾನೆ. ಇನ್ನೊಂದು ಶಾಸನದಲ್ಲಿ ದುಡ್ಡು ಯಾವುದಕ್ಕೆ ಅನ್ನುವುದೂ ಇದೆ: ರಿಪೇರಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ. ಜೈನ ಧರ್ಮದತ್ತ ಒಲಿದ ರಾಜನ ಸೀಮೆಯಲ್ಲಿ ಬೌದ್ಧ ವಿಹಾರಕ್ಕೆ ಪುಸ್ತಕದ ಖರ್ಚು! ನನಗಂತೂ ಆ ದೊಡ್ಡ ವಿಗ್ರಹಗಳಿಗಿಂತ ಈ ಲೆಕ್ಕವೇ ಖುಷಿ ಕೊಟ್ಟಿತು.

90ನೇ ಗುಹೆಯಲ್ಲಿ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯ ಬರಹಗಳಿವೆ. 1009 ಮತ್ತು 1021ರಲ್ಲಿ ಬಂದ ಜರತುಷ್ಟ್ರ ಧರ್ಮದವರು (ಪಾರ್ಸಿಗಳ ಧರ್ಮ) ತಮ್ಮ ಹೆಸರು, ಬಂದ ತಾರೀಕು ಕೊರೆದಿದ್ದಾರೆ. ಈಗ ಯಾರಾದರೂ ಹಾಗೆ ಮಾಡಿದರೆ ಕಾವಲುಗಾರ ಸೀಟಿ ಊದುತ್ತಾನೆ.

ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿರುತ್ತೆ, ಹಿಡಿತವಿರುವ ಚಪ್ಪಲಿ ಹಾಕಿ. ಸೋಮವಾರ ರಜೆ. ತಿಂಡಿ ಪೊಟ್ಟಣ ಚೀಲದೊಳಗಿರಲಿ. ನಮ್ಮ ವಡಾಪಾವ್ ಕೋತಿಗಳ ಪಾಲಾಯಿತು.