ಸಸಿ ಬದುಕಿತು, ತೆನೆ ಕಥೆ ಏನು?

ಜುಲೈ 10, 2025, ಗುರುವಾರ

ಇವತ್ತು ಬೆಳಗ್ಗೆಯಿಂದ, ಉಪ್ಪನ್ನು ಎಷ್ಟು ತಡೆಯುತ್ತವೆ ಎಂದು ನೋಡಿ ಸಸಿಗಳಿಗೆ ಅಂಕ ಹಾಕುವುದೇ ಕೆಲಸ. ಥರ್ಮಾಕೋಲ್ ಹಲಗೆಯ ತೂತುಗಳಲ್ಲಿ ಭತ್ತದ ಸಸಿ, ಕೆಳಗೆ ಟ್ರೇಯಲ್ಲಿ ಗೊಬ್ಬರದ ನೀರು. ಅದಕ್ಕೆ ಉಪ್ಪು ಕರಗಿಸಿ ಇಸಿ (ಉಪ್ಪಿನಂಶ ತೋರಿಸುವ ಅಳತೆ) 12ಕ್ಕೆ ತಂದಿದ್ದೇವೆ. ಮಾಮೂಲಿ ಭತ್ತಕ್ಕೆ ಮಣ್ಣಿನ ಇಸಿ 3 ದಾಟಿದರೇ ಇಳುವರಿ ಇಳಿಯಲು ಶುರು. ಸಸಿ ಚೆನ್ನಾಗಿದ್ದರೆ 1, ಸತ್ತಿದ್ದರೆ 9.

ಉಪ್ಪು ತಡೆಯದ ಐಆರ್29 ತಳಿ ಎಂದಿನಂತೆ ಮೊದಲು ಸೋತಿತು. ಎಲೆಯ ತುದಿ ಬಿಳಿಚಿಕೊಂಡು, ಉಳಿದದ್ದು ಸುರುಳಿ ಸುತ್ತಿ, ಬುಡದ ಹಳೇ ಎಲೆ ಮುಟ್ಟಿದರೆ ಪುಡಿ. ಪಕ್ಕದ ಸಾಲಿನ ಎಫ್‌ಎಲ್478 ತಳಿ ಹಸಿರಾಗೇ ಇದೆ. ತಮಾಷೆ ಅಂದ್ರೆ, ಅದು ಹುಟ್ಟಿದ್ದೇ ಐಆರ್29 ಮತ್ತು ಉಪ್ಪು ತಡೆಯುವ ಕೇರಳದ ನಾಟಿ ತಳಿ ಪೊಕ್ಕಾಲಿಯ ಕ್ರಾಸ್‌ನಿಂದ. ಅಮ್ಮನಿಗಿಲ್ಲದ ಗಟ್ಟಿತನ ಮಗಳಿಗೆ ಅಪ್ಪನಿಂದ ಬಂದಿದೆ.

ಬಂದದ್ದು 1ನೇ ಕ್ರೋಮೋಸೋಮಿನ ಒಂದು ತುಣುಕು, ಹೆಸರು ಸಾಲ್ಟಾಲ್. ಆ ಜಾಗದಲ್ಲಿರುವ ಒಂದು ಜೀನ್‌ನ ಕೆಲಸ ಸರಳ: ಬೇರಿನಿಂದ ಮೇಲೇರುವ ರಸದಲ್ಲಿರುವ ಸೋಡಿಯಂ ಅನ್ನು ದಾರಿಯಲ್ಲೇ ಎಳೆದು ಬೇರಿನ ಕೋಶಕ್ಕೆ ವಾಪಸ್ ಹಾಕುವುದು. ಎಲೆಗೆ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ. 2005ರಲ್ಲಿ ಈ ಜೀನ್ ಸಿಕ್ಕಿದ್ದು ಬಂಗಾಳ ಕರಾವಳಿಯ ನೋನಾ ಬೊಕ್ರಾ ಎಂಬ ನಾಟಿ ತಳಿಯಲ್ಲಿ. ಪೊಕ್ಕಾಲಿಯನ್ನೇ ಎಲ್ಲ ಕಡೆ ಬೆಳೆಯೋಣ ಅಂದ್ರೆ ಪೈರು ಉದ್ದ, ಬೀಳುತ್ತದೆ, ಇಳುವರಿಯೂ ಕಮ್ಮಿ. ಹಾಗಾಗಿ ತುಣುಕನ್ನಷ್ಟೇ ತೆಗೆದುಕೊಂಡು, ರೈತರು ಒಪ್ಪಿದ ತಳಿಗೆ ಮತ್ತೆ ಮತ್ತೆ ಕ್ರಾಸ್ ಮಾಡುತ್ತೇವೆ. ಪ್ರತಿ ಪೀಳಿಗೆಯಲ್ಲೂ ಎಲೆಯ ಚೂರು ಕಿತ್ತು ಡಿಎನ್‌ಎ ಮಾರ್ಕರ್‌ನಿಂದ ತುಣುಕು ಇದೆಯಾ ಎಂದು ನೋಡುವುದು.

ಇಷ್ಟಾದರೆ ಗೆದ್ದಂತೆ, ಅಲ್ವಾ? ಅಲ್ಲ. ಸಾಲ್ಟಾಲ್ ಮುಖ್ಯವಾಗಿ ಸಸಿಯ ಹಂತದ ರಕ್ಷಣೆ. ಹೂ ಬಿಡುವಾಗ ಉಪ್ಪು ಏರಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಇವತ್ತು 1 ಪಡೆದ ಸಸಿಯೇ ನಾಳೆ ಜೊಳ್ಳು ತೆನೆ ಕೊಡಬಹುದು. ಆದರೂ ಹಸಿರು ಸಸಿಯ ಫೋಟೋ ಹಾಕಿ ‘ಉಪ್ಪು ಗೆದ್ದ ಭತ್ತ’ ಎಂದು ಬರೆದುಬಿಡುತ್ತಾರೆ. ನನಗೆ ಇದು ಸಿಟ್ಟು ಬರಿಸುತ್ತದೆ.

ಮೇ ತಿಂಗಳಲ್ಲಿ ಘೋಷಣೆಯಾದ, ಉಪ್ಪು ತಡೆಯಲೆಂದು ರೂಪಿಸಿದ ತಳಿ ಪೂಸಾ ಡಿಎಸ್‌ಟಿ ರೈಸ್ 1ರ ದಾರಿಯೇ ಬೇರೆ. ಎಂಟಿಯು 1010 ತಳಿಯಲ್ಲಿ ಮೊದಲೇ ಇದ್ದ ಒಂದು ಜೀನ್ ಅನ್ನು ಜೀನ್ ಎಡಿಟಿಂಗ್‌ನಿಂದ ಕೆಲಸ ಮಾಡದಂತೆ ಮಾಡಿದ್ದಾರೆ. ಸೇರಿಸಿದ್ದಲ್ಲ, ಇದ್ದದ್ದನ್ನು ಸುಮ್ಮನಾಗಿಸಿದ್ದು.

ಮಧ್ಯಾಹ್ನ ಕುಮಟಾದಿಂದ ಮಾವ ಫೋನ್ ಮಾಡಿದ್ದರು. ಅವರದ್ದು ಅಘನಾಶಿನಿ ಹೊಳೆಯ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಬೆಳೆಯುವುದು ಕಗ್ಗ ಎಂಬ ನಾಟಿ ಭತ್ತ. ಮಳೆ ಗದ್ದೆಯ ಉಪ್ಪು ತೊಳೆದ ಮೇಲೆ ಬಿತ್ತನೆ, ಕೊಯ್ಲಾದ ಮೇಲೆ ಹೊಳೆಯ ಉಪ್ಪುನೀರು ಒಳಗೆ, ಅದರ ಜೊತೆ ಸೀಗಡಿ, ಮೀನು. ನಾನು ಸಾಲ್ಟಾಲ್ ಪುರಾಣ ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ:

“ಕಟ್ಟೆ ಒಡೆದ್ರೆ ನಿನ್ನ ಭತ್ತ ತಡಿತದಾ?”

ಅಂದರೆ ಉಪ್ಪು ಮಾತ್ರವಲ್ಲ, ಮುಳುಗಡೆಯೂ. ಮುಳುಗಡೆಗೆ ಸಬ್1 ಎಂಬ ಬೇರೆ ಜೀನ್ ಇದೆ, ಅದು ಒಡಿಶಾದ ತಳಿಯಿಂದ ಬಂದದ್ದು. ಎರಡನ್ನೂ ಒಂದೇ ತಳಿಗೆ ತರುವ ಕೆಲಸ ನಡೆದಿದೆ. ಉದ್ದ ಪೈರಿನ ಕಗ್ಗ ಇವೆರಡನ್ನೂ ತನ್ನದೇ ರೀತಿಯಲ್ಲಿ ತಡೆದುಕೊಂಡು ಬಂದಿದೆ. ಅದು ಒಂದೇ ಜೀನ್‌ನ ಕೆಲಸ ಎಂದು ನನಗನ್ನಿಸುವುದಿಲ್ಲ.

ಕಗ್ಗದ ಬೀಜ ಕೇಳಿದೆ. ಈ ಸಲದ್ದು ಪೂರ್ತಿ ಬಿತ್ತಿ ಆಗಿದೆಯಂತೆ, ಕೊಯ್ಲಾದ ಮೇಲೆ ಕೊಡುತ್ತಾರಂತೆ. ಅಲ್ಲಿವರೆಗೆ ಎಫ್‌ಎಲ್478 ಅನ್ನೇ ಟಬ್‌ನಲ್ಲಿ ಬೆಳೆಸಿ, ಹೊಡೆ ಬರುವಾಗ ಉಪ್ಪು ಕೊಟ್ಟು, ಜೊಳ್ಳೆಷ್ಟು ಗಟ್ಟಿಕಾಳೆಷ್ಟು ಎಣಿಸಬೇಕು.