ಕನಸು ಕೇಳುವ ಹೊತ್ತು

ಬೆಳಗಿನ ಜಾವ ಮೂರೂವರೆ. ಒಲೆಯ ಸುತ್ತ ಐದು ಜನ ಕೂತಿದ್ದೇವೆ, ಹೊರಗೆ ಕಪ್ಪೆಗಳ ಗದ್ದಲ. ಅಜ್ಜಿ ಕಾಯಿಚಿಪ್ಪಿನ ಬಟ್ಟಲಿಗೆ ಬಿಸಿ ವಾಯುಸ ಬಗ್ಗಿಸಿ ನನ್ನ ಕೈಗೆ ಕೊಟ್ಟು ಏನೋ ಕೇಳಿದರು. ಸೊಸೆ ಸ್ಪ್ಯಾನಿಷ್‌ನಲ್ಲಿ ಹೇಳಿದಳು: "ರಾತ್ರಿ ಏನು ಕನಸು ಬಿತ್ತು ಅಂತ ಕೇಳ್ತಿದಾರೆ." ನಮ್ಮನೆ ಬಾವಿ ತುಂಬಿ ಹರಿದ ಹಾಗೆ ಕಂಡಿತ್ತು, ಹೇಳಿದೆ. ಅಜ್ಜಿ ಕೂಡಲೇ ಕೇಳಿದರು: "ತಿಳಿನೀರೋ, ಕೆಂಪುನೀರೋ?"

ದಕ್ಷಿಣ ಅಮೆರಿಕದ ಈಕ್ವೆಡಾರಿನ ನಾಪೊ ಪ್ರಾಂತ್ಯದಲ್ಲಿ, ಕಿಚ್ವಾ ಎಂಬ ಮೂಲನಿವಾಸಿಗಳ ಮನೆಗಳಲ್ಲಿ ದಿನ ಶುರುವಾಗುವುದು ಹೀಗೆ. ವಾಯುಸ ಅಲ್ಲಿಯ ಕಾಡಿನ ಮರ. ಅದರ ಎಲೆಗಳನ್ನು ಹೂಮಾಲೆಯಂತೆ ಪೋಣಿಸಿ ಒಣಗಿಸಿ ಕುದಿಸುತ್ತಾರೆ. ಕಾಫಿಯ ಹಾಗೆ ನಿದ್ದೆ ಓಡಿಸುತ್ತದೆ. ಕುಡಿಯುತ್ತಾ ಬಲೆ ಹೆಣೆಯುವುದು, ಬುಟ್ಟಿ ನೇಯುವುದು. ಬೇಟೆಗೆ ಹೋಗಬೇಕೋ ಬೇಡವೋ ಎಂಬುದನ್ನು ಹಿರಿಯರು ಕನಸು ಕೇಳಿ ತೀರ್ಮಾನಿಸುತ್ತಾರೆ.

ರಾಜಧಾನಿ ಕೀಟೊದಿಂದ ಹೊರಟ ಬಸ್ಸು 4,000 ಮೀಟರ್ ಎತ್ತರದ ಪಾಪಯಾಕ್ತಾ ಘಾಟಿ ಹತ್ತಿ, ಮಂಜಿನಲ್ಲಿ ಇಳಿಯುತ್ತ ಇಳಿಯುತ್ತ ತೇನಾ ಪಟ್ಟಣ ಮುಟ್ಟುತ್ತದೆ. ಮುಂದೆ ನಾಪೊ ನದಿಯಲ್ಲಿ ಮೋಟಾರು ದೋಣಿ. ಊರಿನ ಶಾಲೆಯಲ್ಲಿ ಎರಡು ತಿಂಗಳು ಇಂಗ್ಲಿಷ್ ಹೇಳಿಕೊಡಲು ಸ್ವಯಂಸೇವಕಿಯಾಗಿ ಹೋಗಿದ್ದೆ. ಪ್ರವಾಸಿಗರು ಬರುವ ಊರು, ಮಕ್ಕಳಿಗೆ ಇಂಗ್ಲಿಷ್ ಬೇಕು ಎಂದು ಕೇಳಿದವರು ಊರವರೇ.

ಶಾಲೆಯಿಲ್ಲದ ದಿನ ಚಾಕ್ರಾಕ್ಕೆ ಹೋಗುತ್ತಿದ್ದೆ. ಚಾಕ್ರಾ ಎಂದರೆ ತೋಟ, ಆದರೆ ನಮ್ಮ ಕಣ್ಣಿಗೆ ಕಾಡೇ. ದೊಡ್ಡ ಮರಗಳ ಕೆಳಗೆ ಕೋಕೋ, ಬಾಳೆ, ಮರಗೆಣಸು, ಔಷಧಿ ಗಿಡ ಎಲ್ಲ ಒಟ್ಟಿಗೆ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿದೆ. ಇದನ್ನು ನಡೆಸುವವರು ಹೆಚ್ಚಾಗಿ ಹೆಂಗಸರು. ಮರಗೆಣಸು ನೆಡುವ ದಿನ ಅಜ್ಜಿ ಕೆಂಪು ಬೀಜ ಹಿಸುಕಿ ನನ್ನ ಎರಡೂ ಕೆನ್ನೆಗೆ ಗೆರೆ ಎಳೆದರು. ಆಮೇಲೆ ಗೇಣುದ್ದದ ಕಡ್ಡಿ ಕೈಗಿಟ್ಟು, ಎಷ್ಟು ಓರೆಯಾಗಿ ಊರಬೇಕು ಎಂದು ನನ್ನ ಮಣಿಕಟ್ಟು ಹಿಡಿದೇ ತೋರಿಸಿದರು. ದಾರಿ ಸವರುವಂಥ ಕೆಲಸಕ್ಕೆ ಊರೇ ಸೇರುತ್ತದೆ, ಅದು ಮಿಂಗಾ. ನಮ್ಮ ಮಲೆನಾಡಿನ ಮುಯ್ಯಾಳಿನಂತೆ ಮನೆಯಿಂದ ಮನೆಗೆ ತೀರಿಸುವ ಲೆಕ್ಕವಲ್ಲ, ಕೆಲಸ ಊರಿನದು.

ಆ ಗೆಣಸಿನ ಸಾಲಿನಲ್ಲೇ ನಾನು ಕಿಚ್ವಾ ಕಲಿತದ್ದು. ವಾಸಿ ಎಂದರೆ ಮನೆ. (ನಮ್ಮ 'ವಾಸ'ಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಕೇಳಿದಾಗ ಮೈ ಜುಮ್ಮೆಂದಿತು.) ವಾಸಿಪಿ ಮನೆಯಲ್ಲಿ, ವಾಸಿಮಂತ ಮನೆಯಿಂದ, ವಾಸಿಕುನ ಮನೆಗಳು, ವಾಸಿಕುನಮಂತ ಮನೆಗಳಿಂದ. ಕನ್ನಡದ ಹಾಗೆಯೇ ಪದದ ಬಾಲಕ್ಕೆ ಪ್ರತ್ಯಯ, ವಾಕ್ಯದ ಕೊನೆಗೆ ಕ್ರಿಯಾಪದ. ಸ್ಪ್ಯಾನಿಷ್ ಕಲಿಯಲು ವರ್ಷಗಟ್ಟಲೆ ಒದ್ದಾಡಿದ ನನಗೆ ಈ ಭಾಷೆ ನಾಲಿಗೆಗೆ ತಾನಾಗಿ ಬಂತು.

ಮಕ್ಕಳ ವಿಷಯದಲ್ಲಿ ನನಗೆ ನೋವಾಯಿತು. ಅಜ್ಜಿ ಕಿಚ್ವಾದಲ್ಲಿ ಕೇಳಿದರೆ ಮೊಮ್ಮಗ ಸ್ಪ್ಯಾನಿಷ್‌ನಲ್ಲಿ ಉತ್ತರಿಸುತ್ತಾನೆ. ಬೇರೆ ಬೇರೆ ಸಮುದಾಯಗಳ ನಡುವಿನ ವ್ಯವಹಾರಕ್ಕೆ ಕಿಚ್ವಾವೂ ಅಧಿಕೃತ ಭಾಷೆ ಎಂದು 2008ರ ಸಂವಿಧಾನ ಹೇಳುತ್ತದೆ. ಆದರೆ ಆ ಮನೆಯಲ್ಲಿ ನಾನು ಕಂಡಂತೆ ಕಿಚ್ವಾ ನಿರಾಳವಾಗಿ ಹರಿಯುತ್ತಿದ್ದದ್ದು ಒಲೆಯ ಮುಂದೆ ಕನಸು ಹೇಳುವ ಆ ಒಂದೆರಡು ಗಂಟೆ ಮಾತ್ರ, ಮಕ್ಕಳು ಮಲಗಿರುವ ಹೊತ್ತು. ಬೆಳಗಾದ ಮೇಲೆ ಅದೇ ಮಕ್ಕಳಿಗೆ ನಾನು ಇನ್ನೊಂದು ಪರಭಾಷೆ ಕಲಿಸಬೇಕು.

ಮೂರನೇ ವಾರದಿಂದ ಬೋರ್ಡಿನ ಮೇಲೆ ಮೂರು ಸಾಲು ಹಾಕಿದೆ. ಮೊದಲು ಕಿಚ್ವಾ, ಆಮೇಲೆ ಸ್ಪ್ಯಾನಿಷ್, ಕೊನೆಗೆ ಇಂಗ್ಲಿಷ್. ಮೊದಲ ಸಾಲು ತುಂಬದೆ ಇಂಗ್ಲಿಷ್ ಪದ ಬರೆಯುವುದಿಲ್ಲ ಎಂದೆ. ನೀರಿಗೆ ಯಾಕು, ಸೂರ್ಯನಿಗೆ ಇಂತಿ, ಚಂದ್ರನಿಗೆ ಕಿಯ್ಯ, ಎಲ್ಲರೂ ಕೂಗಿದರು. ಕಾಮನಬಿಲ್ಲಿಗೆ ಬಂದಾಗ ಯಾರಿಗೂ ಗೊತ್ತಿಲ್ಲ. ಹೊರಗೆ ಜಡಿಮಳೆ. ಏಳು ವರ್ಷದ ಹುಡುಗಿಯೊಬ್ಬಳು ತಡೆಯುವಷ್ಟರಲ್ಲಿ ಓಡಿಯೇಬಿಟ್ಟಳು. ತೊಯ್ದು ತೊಪ್ಪೆಯಾಗಿ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತು, ಉಸಿರು ತಿರುಗಿಸಿಕೊಳ್ಳದೆ ಕೂಗಿದಳು: "ಕುಯ್ಚಿ! ಅಜ್ಜಿ ಹೇಳಿದ್ರು, ಕುಯ್ಚಿ!"