1946ರ ಒಂದು ಸ್ಕೋರ್‌ಶೀಟ್ ಮತ್ತು ನಮ್ಮ ಊರಿನ ಕೋರ್ಟುಗಳು

ಟೊರಾಂಟೊ ನಗರದ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣದಲ್ಲಿ 1946ರ ನವೆಂಬರ್ 1ರಂದು ನಡೆದ ಪಂದ್ಯವನ್ನು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ತನ್ನ ಚರಿತ್ರೆಯ ಮೊದಲ ಪಂದ್ಯವೆಂದು ಎಣಿಸುತ್ತದೆ. ಆಗ ಲೀಗಿಗೆ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಹೆಸರಿತ್ತು. 1949ರಲ್ಲಿ ಇನ್ನೊಂದು ಲೀಗಿನೊಂದಿಗೆ ಕೂಡಿಕೊಂಡ ಮೇಲೆ ಈಗಿನ ಹೆಸರು ಬಂತು. ಸುಮಾರು ಏಳು ಸಾವಿರ ಪ್ರೇಕ್ಷಕರ ಎದುರಿಗೆ ನ್ಯೂಯಾರ್ಕ್ ನಿಕ್ಕರ್‌ಬಾಕರ್ಸ್ ತಂಡ ಟೊರಾಂಟೊ ಹಸ್ಕೀಸ್ ತಂಡವನ್ನು 68–66ರಿಂದ ಸೋಲಿಸಿತು. ಮೊದಲ ಬುಟ್ಟಿ ಹಾಕಿದವರು ನ್ಯೂಯಾರ್ಕಿನ ಆಸಿ ಶೆಕ್ಟ್‌ಮನ್. ಗೆದ್ದ ತಂಡದ ಪರವಾಗಿ ಲಿಯೊ ಗಾಟ್ಲೀಬ್ 14 ಅಂಕ ಗಳಿಸಿದರು. ಪಂದ್ಯದ ಅತಿ ಹೆಚ್ಚು ಅಂಕ, ಅಂದರೆ 18, ಸೋತ ತಂಡದ ಆಟಗಾರನೂ ತರಬೇತುದಾರನೂ ಆಗಿದ್ದ ಎಡ್ ಸಡೌಸ್ಕಿ ಅವರದು.

ಈ ಪಂದ್ಯದ ಅಂಕಿಅಂಶಗಳನ್ನು ನಾನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ಅದರಲ್ಲಿ ಇರುವುದು ತೀರ ಕಡಿಮೆ: ಹೆಸರು, ಫೀಲ್ಡ್ ಗೋಲ್ (ಆಟದ ನಡುವೆ ಹಾಕಿದ ಬುಟ್ಟಿ), ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ಎಸೆತ), ಫೌಲ್ (ನಿಯಮ ಮೀರಿದ ತಪ್ಪು), ಒಟ್ಟು ಅಂಕ. ಯಾರು ಎಷ್ಟು ನಿಮಿಷ ಆಡಿದರು, ಯಾರು ಎಷ್ಟು ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು) ಹಿಡಿದರು, ಯಾರು ಎದುರಾಳಿಯ ಕೈಯಿಂದ ಚೆಂಡು ಕಸಿದರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಿದ್ದರೂ ತಾಳ್ಮೆಯಿಂದ ಓದಿದರೆ ಫೌಲಿನ ಕಾಲಂ ಒಂದೇ ಬಹಳಷ್ಟು ಹೇಳುತ್ತದೆ. ಸಡೌಸ್ಕಿ ಫೌಲುಗಳ ಮಿತಿ ಮುಟ್ಟಿ ಮೂರನೇ ಕ್ವಾರ್ಟರಿನಲ್ಲಿಯೇ ಹೊರಗೆ ಹೋಗಬೇಕಾಯಿತು. ಆದ್ದರಿಂದ ಆ 18 ಅಂಕಗಳು ಪೂರ್ತಿ 48 ನಿಮಿಷಗಳ ಗಳಿಕೆ ಅಲ್ಲ, ಮತ್ತು ಆ ರಾತ್ರಿ ಅವರ ಆಟ ಒಟ್ಟು ಅಂಕ ತೋರಿಸುವುದಕ್ಕಿಂತ ದೊಡ್ಡದು. ಅವರ ಬದಲಿಗೆ ಬಂದವರು ಆರು ಅಡಿ ಎಂಟು ಅಂಗುಲದ ಜಾರ್ಜ್ ನಾಸ್ಟ್ರಾಂಡ್. (ಅವರಿಗಿಂತ ಎತ್ತರವಿರುವವರಿಗೆ ಪ್ರವೇಶ ಉಚಿತ ಎಂದು ಪಂದ್ಯಕ್ಕೆ ಮುನ್ನ ಜಾಹೀರಾತು ಕೊಟ್ಟಿದ್ದರು.) ಅರ್ಧ ಆಟ ಮುಗಿದಾಗ 37–29ರಿಂದ ಹಿಂದಿದ್ದ ಟೊರಾಂಟೊ, ಮೂರನೇ ಕ್ವಾರ್ಟರಿನ ಕೊನೆಗೆ 48–44ರಿಂದ ಮುಂದೆ ಬಂದಿತ್ತು. ಈ ತಿರುವಿನಲ್ಲಿ ನಾಸ್ಟ್ರಾಂಡ್ ಅವರ ಎತ್ತರಕ್ಕೆ, ಅವರು ಬುಟ್ಟಿಯ ಕೆಳಗೆ ಹಿಡಿದಿರಬಹುದಾದ ರೀಬೌಂಡುಗಳಿಗೆ ಎಷ್ಟು ಪಾಲಿತ್ತು ಎಂಬುದನ್ನು ತಿಳಿಯುವ ದಾರಿ ಇಲ್ಲ, ಏಕೆಂದರೆ ಯಾರೂ ಬರೆದಿಡಲಿಲ್ಲ.

ಬರೆದಿಡುವ ಅಭ್ಯಾಸ ನಿಧಾನವಾಗಿಯೇ ಬಂತು. ಈ ಲೀಗಿನಲ್ಲಿ ರೀಬೌಂಡುಗಳ ಲೆಕ್ಕ ಶುರುವಾದದ್ದು 1950–51ರಲ್ಲಿ, ಆಡಿದ ನಿಮಿಷಗಳ ಲೆಕ್ಕ ಮರು ವರ್ಷ. ಸ್ಟೀಲ್ (ಕಸಿದ ಚೆಂಡು) ಮತ್ತು ಬ್ಲಾಕ್‌ಗಳು (ತಡೆದ ಎಸೆತ) 1973–74ರವರೆಗೆ, ಟರ್ನೋವರ್‌ಗಳು (ಎದುರಾಳಿಗೆ ಬಿಟ್ಟುಕೊಟ್ಟ ಚೆಂಡು) 1977–78ರವರೆಗೆ ಕಾಯಬೇಕಾಯಿತು. ಇದರ ಪರಿಣಾಮ ನನ್ನನ್ನು ಇಂದಿಗೂ ನೋಯಿಸುತ್ತದೆ. 13 ವರ್ಷ ಆಡಿ 11 ಬಾರಿ ಚಾಂಪಿಯನ್ ಆದ ಬಿಲ್ ರಸೆಲ್, ಎದುರಾಳಿಯ ಎಸೆತಗಳನ್ನು ತಡೆಯುವ ಕಲೆಯನ್ನೇ ಬದಲಿಸಿದವರು. ಆದರೆ ಅವರು 1969ರಲ್ಲಿ ಆಟ ಬಿಟ್ಟಿದ್ದರಿಂದ ಅಧಿಕೃತ ದಾಖಲೆಯಲ್ಲಿ ಅವರ ಹೆಸರಿಗೆ ಒಂದು ಬ್ಲಾಕ್ ಕೂಡ ಇಲ್ಲ.

ಇರುವ ಸಂಖ್ಯೆಗಳನ್ನೂ ಅವುಗಳ ಕಾಲದೊಳಗೆ ಇಟ್ಟೇ ಓದಬೇಕು. ಆ ಮೊದಲ ಋತುವಿನಲ್ಲಿ ಇಡೀ ಲೀಗಿನ ಫೀಲ್ಡ್ ಗೋಲ್ ಪ್ರಮಾಣ ಶೇಕಡಾ 28ರ ಆಸುಪಾಸಿನಲ್ಲಿತ್ತು. ಪಂದ್ಯಕ್ಕೆ ಸರಾಸರಿ 23.2 ಅಂಕ ಗಳಿಸಿ ಅಗ್ರಸ್ಥಾನ ಪಡೆದ ಫಿಲಡೆಲ್ಫಿಯಾದ ಜೋ ಫುಲ್ಕ್ಸ್ ಕೂಡ ಎಸೆದ ಹತ್ತರಲ್ಲಿ ಮೂರನ್ನಷ್ಟೇ ಬುಟ್ಟಿಗೆ ಹಾಕುತ್ತಿದ್ದರು. ಇದನ್ನು ನೋಡಿ ಹಳಬರಿಗೆ ಆಟ ಬರುತ್ತಿರಲಿಲ್ಲ ಎಂದು ತೀರ್ಮಾನಿಸುವ ಯುವ ಮಿತ್ರರೊಂದಿಗೆ ನನಗೆ ತೀವ್ರ ಭಿನ್ನಾಭಿಪ್ರಾಯವಿದೆ. ಲೀಗನ್ನು ಕಟ್ಟಿದವರಲ್ಲಿ ಹೆಚ್ಚಿನವರು ಐಸ್ ಹಾಕಿ ಅಂಗಣಗಳ ಮಾಲೀಕರು. ಹಿಮದ ಮೇಲೆ ಹಲಗೆ ಹಾಸಿ ಆಡಿಸಿದಾಗ ಸಭಾಂಗಣ ತಣ್ಣಗಿರುತ್ತಿತ್ತು, ನೆಲ ಜಾರುತ್ತಿತ್ತು, ಮತ್ತು ಬಹುತೇಕ ಆಟಗಾರರು ಎರಡೂ ಕೈಗಳಿಂದ ನಿಂತಲ್ಲೇ ಎಸೆಯುವ ಶೈಲಿಯಲ್ಲಿ ಬೆಳೆದವರಾಗಿದ್ದರು. ಅಸಿಸ್ಟ್‌ಗಳಲ್ಲಿ, ಅಂದರೆ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳಲ್ಲಿ, ಮೊದಲಿಗರಾದ ಅರ್ನಿ ಕ್ಯಾಲ್ವರ್ಲಿ ಅವರ ಸರಾಸರಿ 3.4 ಮಾತ್ರ, ಎಸೆತಗಳು ಅಷ್ಟು ತಪ್ಪುತ್ತಿದ್ದಾಗ ಒಳ್ಳೆಯ ಪಾಸ್ ಕೊಟ್ಟವರಿಗೂ ಅದರ ಫಲ ಸಿಗುತ್ತಿರಲಿಲ್ಲ. ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಎಸೆಯಲೇಬೇಕೆಂಬ 24 ಸೆಕೆಂಡುಗಳ ಗಡಿಯಾರ ಬಂದದ್ದು 1954ರಲ್ಲಿ. ಅದಕ್ಕೆ ಮೊದಲು ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ಕಾಲ ಕಳೆಯಬಹುದಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಹಾಗೆಯೇ ಆಡಿ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. ಲೇಕರ್ಸ್‌ನ 18ರಲ್ಲಿ 15 ಅಂಕ ಜಾರ್ಜ್ ಮೈಕನ್ ಒಬ್ಬರದೇ. 15 ಎಂಬ ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಅದು ಅವರ ಸಾಧಾರಣ ದಿನವೆಂದೇ ಅನಿಸುತ್ತದೆ.

ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ಮಲ್ಲೇಶ್ವರದಲ್ಲಾಗಲಿ ಜಯನಗರದಲ್ಲಾಗಲಿ ಸಂಜೆಯ ದೀಪದ ಬೆಳಕಿನಲ್ಲಿ ನಡೆಯುವ ಕ್ಲಬ್ ಪಂದ್ಯಗಳ ಟೇಬಲ್ ಮೇಲಿರುವ, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಮಾದರಿಯ ಸ್ಕೋರ್‌ಶೀಟನ್ನು ಒಮ್ಮೆ ಗಮನವಿಟ್ಟು ನೋಡಿ. ಎರಡು ಅಂಕಕ್ಕೆ ಒಂದು ಓರೆಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕೆ, ಮೂರು ಅಂಕಕ್ಕೆ ಆಟಗಾರನ ಸಂಖ್ಯೆಯ ಸುತ್ತ ಒಂದು ವೃತ್ತ, ಪಕ್ಕದಲ್ಲಿ ಫೌಲುಗಳು, ಟೈಮ್‌ಔಟ್‌ಗಳು. ಯಾರು ಕೋರ್ಟಿಗೆ ಇಳಿದರು ಎಂಬ ಗುರುತು ಇರುತ್ತದೆ, ಎಷ್ಟು ಹೊತ್ತು ಇದ್ದರು ಎಂಬುದು ಇರುವುದಿಲ್ಲ. ರೀಬೌಂಡ್, ಅಸಿಸ್ಟ್, ಬ್ಲಾಕ್ ಯಾವುದೂ ಇಲ್ಲ. ಫಲಿತಾಂಶದ ನಿರ್ವಿವಾದ ದಾಖಲೆಯಾಗಿ ಆ ಹಾಳೆ ಅತ್ಯಂತ ಒಪ್ಪವಾದದ್ದು, ಆದರೆ ಆಟಗಾರರ ಅಂಕಿಅಂಶದ ದೃಷ್ಟಿಯಿಂದ ಅದು 1946ರ ಪಟ್ಟಿಗೆ ತೀರ ಹತ್ತಿರದಲ್ಲಿದೆ. 2017ರಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದು, ಭಾರತ ಬಿ ವಿಭಾಗದ ಫೈನಲ್‌ನಲ್ಲಿ ಕಜಾಕಿಸ್ತಾನವನ್ನು 75–73ರಿಂದ ಗೆದ್ದಾಗ ಪ್ರತಿಯೊಬ್ಬ ಆಟಗಾರ್ತಿಯ ಪ್ರತಿ ರೀಬೌಂಡೂ ದಾಖಲಾಯಿತು. ಅದೇ ಊರಿನ ಜೂನಿಯರ್ ಪಂದ್ಯದಲ್ಲಿ ಬುಟ್ಟಿಯ ಕೆಳಗೆ ಮೈಮರೆತು ಕಾದಾಡುವ ಹುಡುಗಿಯ ಹೆಸರಿನ ಮುಂದೆ ನಾಲ್ಕು ಅಂಕ, ಮೂರು ಫೌಲ್ ಮಾತ್ರ ಉಳಿಯುತ್ತವೆ, ಮತ್ತು ತಂಡದ ಆಯ್ಕೆಗೆ ಕುಳಿತವರ ಕೈಗೆ ಸಿಗುವುದೂ ಅಷ್ಟೇ.

ಈ ಕೊರತೆ ನೀಗಿಸಲು ದುಬಾರಿ ತಂತ್ರಾಂಶ ಬೇಕಿಲ್ಲ. ಅಧಿಕೃತ ಸ್ಕೋರರ್ ತಮ್ಮ ಕೆಲಸ ಮಾಡಿಕೊಳ್ಳಲಿ. ಅವರ ಏಕಾಗ್ರತೆಗೆ ಅಡ್ಡಿ ಬರದಂತೆ ಟೇಬಲ್‌ನಿಂದ ದೂರ ಕುಳಿತ ಒಬ್ಬರು ಇನ್ನೊಂದು ಹಾಳೆಯಲ್ಲಿ ರೀಬೌಂಡುಗಳನ್ನೂ ತಪ್ಪಿದ ಎಸೆತಗಳನ್ನೂ, ಅವರ ಪಕ್ಕದಲ್ಲಿ ಇನ್ನೊಬ್ಬರು ಬದಲಿ ಆಟಗಾರರು ಇಳಿದ, ಹೊರಬಂದ ಸಮಯವನ್ನೂ ಗುರುತು ಹಾಕಿದರೆ ಸಾಕು. ಒಂದರಿಂದಲೇ ಆರಂಭಿಸಬೇಕೆಂದರೆ ನಾನು ನಿಮಿಷಗಳನ್ನು ಆರಿಸುತ್ತೇನೆ, ಏಕೆಂದರೆ ಹತ್ತು ನಿಮಿಷ ಆಡಿದ ಹುಡುಗಿಯ ನಾಲ್ಕು ಅಂಕಕ್ಕೂ ನಲವತ್ತು ನಿಮಿಷ ಆಡಿದವಳ ನಾಲ್ಕು ಅಂಕಕ್ಕೂ ಇರುವ ಅಂತರವನ್ನು ಬೇರಾವ ಕಾಲಮ್ಮೂ ತೋರಿಸಲಾರದು.